ಹಳೆಯ ಹೋಟೆಲಿನ ಕಿಟಕಿ



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಮನೆಯೊಳಗಿನ ವಿಚಾರಗಳನ್ನೇ ಪ್ರಸ್ತಾಪಿಸುತ್ತೇವೆ. ಈ ಸಲದ ವಿಷಯವನ್ನು ಕಂಡು ಕೆಲವರು ಹುಬ್ಬೇರಿಸಬಹುದು. ದೊಡ್ಡ ನಗರಕ್ಕೆ ನಾಲ್ಕು ದಿನ ವಿಶ್ರಾಂತಿಗೆಂದು ಹೋಗುವ ಕುಟುಂಬವು ಅಲ್ಲಿನ ಪುರಾತನ, ಐಷಾರಾಮಿ ಹೋಟೆಲೊಂದನ್ನು ಆರಿಸಿಕೊಳ್ಳುವುದು ಹೇಗೆ ಎಂಬುದೇ ಈ ತಿಂಗಳ ವಿಚಾರ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದ ನಮ್ಮಂಥವರಿಗೆ ಇದು ತಕ್ಕ ವಿಷಯವೇ ಎಂದು ನಾವೂ ಮೊದಲು ಸಂಕೋಚಪಟ್ಟೆವು. ಆದರೆ ಈಗ ನಮ್ಮ ಮಕ್ಕಳು ದುಡಿಯುತ್ತಿದ್ದಾರೆ. ಹೆತ್ತವರನ್ನು ಒಮ್ಮೆಯಾದರೂ ಒಳ್ಳೆಯ ಕಡೆ ಇಳಿಸಬೇಕೆಂದು ಹಂಬಲಿಸುತ್ತಾರೆ. ಹಂಬಲ ಒಳ್ಳೆಯದು, ಅದಕ್ಕೆ ವಿವೇಕವೂ ಜೊತೆಗೂಡಬೇಕು. ಕಳೆದ ಮಳೆಗಾಲದಲ್ಲಿ ಈ ಪ್ರಶ್ನೆ ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಯಲ್ಲೇ ಎದ್ದಿತು. ನಾವು ಅಂದು ಕಲಿತದ್ದನ್ನು ವಾಚಕರ ಮುಂದಿಡುತ್ತಿದ್ದೇವೆ.

ನಮ್ಮ ತಂದೆಯವರು ಕೋಲಾರದ ಚಿನ್ನದ ಗಣಿಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರು. 1966ರಲ್ಲಿ ಯಂತ್ರದ ಬಿಡಿಭಾಗಗಳ ಲೆಕ್ಕಕ್ಕಾಗಿ ಅವರನ್ನು ಮುಂಬಯಿಗೆ ಕಳುಹಿಸಿದ್ದರು. ಕೆಲಸ ಮುಗಿದ ಸಂಜೆ ಗೇಟ್‌ವೇ ಆಫ್ ಇಂಡಿಯಾದ ಬಳಿ ನಿಂತು ಚಹಾ ಕುಡಿದು, ಎದುರಿಗಿದ್ದ ತಾಜ್ ಮಹಲ್ ಹೋಟೆಲನ್ನು ಬಹಳ ಹೊತ್ತು ನೋಡಿದರಂತೆ. ಅದರದೇ ಚಿತ್ರವಿದ್ದ ಕಪ್ಪು ಬಿಳುಪಿನ ಅಂಚೆ ಕಾರ್ಡೊಂದನ್ನು ಕೊಂಡು ನಮ್ಮ ತಾಯಿಯವರಿಗೆ ಬರೆದರು. ಅದರಲ್ಲಿ ಇದ್ದದ್ದು ಎರಡೇ ಸಾಲು: ಸಮುದ್ರದ ಗಾಳಿ ಬಹಳ ಚೆನ್ನಾಗಿದೆ, ಒಮ್ಮೆ ನಿನಗೂ ತೋರಿಸಬೇಕು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಗಣಿಯ ಊರಿನವರು ಅವರು. ಅಲ್ಲಿ ಕೆಳಗೆ ದುಡಿಯುವವರಿಗೆ ಗಾಳಿಯನ್ನು ಯಂತ್ರದಿಂದ ತಂಪುಮಾಡಿ ಕಳುಹಿಸಬೇಕಾಗಿತ್ತು. ಅಂಥ ಊರಿನವರು ಹೋಟೆಲಿನ ವೈಭವವನ್ನು ಬಿಟ್ಟು ಗಾಳಿಯ ಸುದ್ದಿಯನ್ನು ಬರೆದದ್ದರಲ್ಲಿ ಆಶ್ಚರ್ಯವಿಲ್ಲ.

ಆಮೇಲೆ ಮಕ್ಕಳಾದೆವು, ಶಾಲೆ, ಮದುವೆ, ಮನೆ ಎಂದು ವರ್ಷಗಳು ಕಳೆದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮುಂಬಯಿಯ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ. ತಂದೆಯವರು ಲಿಂಗೈಕ್ಯರಾಗಿ ಹನ್ನೆರಡು ವರ್ಷಗಳಾದವು. ಕಳೆದ ವರ್ಷ ತಾಯಿಯವರ ಟ್ರಂಕನ್ನು ಬಿಸಿಲಿಗಿಡುವಾಗ ಆ ಕಾರ್ಡು ಸಿಕ್ಕಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ತಮ್ಮ ಅದನ್ನು ಓದಿದವನೇ, “ಅಣ್ಣಾ, ಅಮ್ಮನಿಗೆ ಎಂಬತ್ತು ತುಂಬುತ್ತಿದೆ. ಈ ವರ್ಷ ಹೋಗದಿದ್ದರೆ ಇನ್ನೆಂದೂ ಹೋಗುವುದಿಲ್ಲ. ಎರಡು ರಾತ್ರಿ ಅಲ್ಲಿಯೇ ಇಳಿಯೋಣ” ಎಂದ. ದಾವಣಗೆರೆಯ ತಂಗಿಗೆ ಇದು ಹಿಡಿಸಲಿಲ್ಲ. “ಎರಡು ರಾತ್ರಿ ಮಲಗುವುದಕ್ಕೆ ಅಷ್ಟು ಹಣವೇ? ಅದರಲ್ಲಿ ಎಷ್ಟು ಮಕ್ಕಳ ದಾಸೋಹ ನಡೆಯುತ್ತದೆ ಎಂದು ಲೆಕ್ಕ ಹಾಕಿದ್ದೀರಾ?” ಎಂದು ದೂರವಾಣಿಯಲ್ಲಿ ಕೇಳಿದಳು. ಇಬ್ಬರ ಮಾತಿನಲ್ಲೂ ಸತ್ಯವಿತ್ತು. ತಾಯಿಯವರು ಏನನ್ನೂ ಹೇಳಲಿಲ್ಲ. ತೀರ್ಮಾನದ ಹೊಣೆ ಹಿರಿಯರೆಂಬ ಕಾರಣಕ್ಕೆ ನಮ್ಮ ತಲೆಗೆ ಬಂದಿತು.

ಮೊದಲು ನಾವು ಮಾಡಿದ ಕೆಲಸವೆಂದರೆ ಮುಂಬಯಿ ಒಂದನ್ನೇ ಹಿಡಿದು ಕೂರದೆ, ನಮ್ಮ ಕೈಗೆಟುಕುವ ದೂರದಲ್ಲಿ ಇರುವ ಹಳೆಯ ಹೋಟೆಲುಗಳನ್ನೆಲ್ಲ ಪಟ್ಟಿಮಾಡಿದ್ದು. ವಾಚಕರೂ ಹೀಗೆಯೇ ಮಾಡುವುದು ಒಳಿತು. ಒಂದನ್ನೇ ಮನಸ್ಸಿನಲ್ಲಿಟ್ಟುಕೊಂಡವನಿಗೆ ಅದರ ಕುಂದು ಕಾಣುವುದಿಲ್ಲ.

ನಮಗೆ ಸಮೀಪವಾದದ್ದು ಬೆಂಗಳೂರಿನ ವೆಸ್ಟ್ ಎಂಡ್. ಅದು ಹುಟ್ಟಿದ್ದು 1887ರಲ್ಲಿ, ಒಬ್ಬ ಆಂಗ್ಲ ಮಹಿಳೆ ನಡೆಸುತ್ತಿದ್ದ ಹತ್ತು ಕೋಣೆಗಳ ಊಟವಸತಿಯ ಮನೆಯಾಗಿ. ಇಂದು ಸುಮಾರು ಇಪ್ಪತ್ತು ಎಕರೆ ತೋಟದ ನಡುವೆ, ಕುದುರೆ ಪಂದ್ಯದ ಮೈದಾನದ ಎದುರಿಗೆ ಹರಡಿಕೊಂಡಿದೆ. ಹಳೆಯ ಮರಗಳ ನೆರಳು ಅದರ ದೊಡ್ಡ ಸಂಪತ್ತು. ನಮ್ಮೂರಿನಿಂದ ಅಲ್ಲಿಗೆ ಸುಮಾರು ನೂರು ಕಿಲೋಮೀಟರು. ವೃದ್ಧರನ್ನು ಕರೆದುಕೊಂಡು ಹೋಗಲು ಇದಕ್ಕಿಂತ ಅನುಕೂಲವಾದದ್ದು ಬೇರೆ ಇಲ್ಲ. ಆದರೆ ಇದನ್ನು ತಾಯಿಯವರ ಮುಂದಿಟ್ಟಾಗ ಅವರು ನಕ್ಕು, “ಬೆಂಗಳೂರು ನಮ್ಮ ಬೀದಿಯ ಹುಡುಗರೆಲ್ಲ ಬೆಳಗಾಗೆದ್ದು ರೈಲು ಹಿಡಿದು ಕೆಲಸಕ್ಕೆ ಹೋಗೋ ಊರಲ್ವೇನಪ್ಪ?” ಎಂದರು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ ನಿಲ್ದಾಣಗಳಲ್ಲಿ ದಿನವೂ ಬೆಳಗಿನ ಕತ್ತಲಲ್ಲಿ ಬುತ್ತಿ ಹಿಡಿದು ರೈಲು ಹತ್ತುವ ಸಾವಿರಾರು ಜನರನ್ನು ಕಂಡವರಿಗೆ ಆ ಮಾತಿನ ಅರ್ಥ ಆಗುತ್ತದೆ. ದುಡಿಮೆಗೆ ಹೋಗುವ ಊರಿನಲ್ಲಿ ವಿಶ್ರಾಂತಿಯ ಭಾವ ಮೂಡುವುದು ಕಷ್ಟ.

ಎರಡನೆಯದು ಮೈಸೂರಿನ ಲಲಿತಮಹಲ್. ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯರ ವಾಸ್ತವ್ಯಕ್ಕೆಂದು 1921ರಲ್ಲಿ ಕಟ್ಟಿಸಿದ ಅರಮನೆಯಿದು, ವಾಸ್ತುಶಿಲ್ಪಿ ಇ. ಡಬ್ಲ್ಯೂ. ಫ್ರಿಚ್ಲಿ. ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲಿನ ಗುಮ್ಮಟವನ್ನು ನೆನಪಿಗೆ ತರುವ ಅದರ ಬಿಳಿಯ ಗುಮ್ಮಟ ಚಾಮುಂಡಿ ಬೆಟ್ಟದಿಂದಲೂ ಕಾಣುತ್ತದೆ. 1974ರಲ್ಲಿ ಅದು ಹೋಟೆಲಾಯಿತು. ಹೀಗೆ ಅರಮನೆ ಹೋಟೆಲಾದದ್ದಕ್ಕೂ ಹೋಟೆಲಾಗಿಯೇ ಹುಟ್ಟಿದ್ದಕ್ಕೂ ವ್ಯತ್ಯಾಸವುಂಟು. ಅರಮನೆಯಲ್ಲಿ ಸಭಾಂಗಣ, ಮೆಟ್ಟಿಲು, ಕಂಬಗಳು ಭವ್ಯವಾಗಿರುತ್ತವೆ. ಆದರೆ ಮಲಗುವ ಕೋಣೆಗಳು ಒಂದರಂತೆ ಒಂದು ಇರುವುದಿಲ್ಲ. ಆದುದರಿಂದ ಅರಮನೆಯಲ್ಲಿ ಇಳಿಯುವವರು ತಮಗೆ ದೊರೆಯುವ ಕೋಣೆ ಯಾವುದು ಎಂಬುದನ್ನು ವಿಶೇಷವಾಗಿ ವಿಚಾರಿಸಬೇಕು. ಮೈಸೂರನ್ನು ನಾವೆಲ್ಲ ದಸರೆಗೆ ಹಲವು ಸಲ ಕಂಡಿದ್ದೇವೆ, ತಾಯಿಯವರೂ ಕಂಡಿದ್ದಾರೆ. ಅದನ್ನು ಅಲ್ಲಿಗೇ ಬಿಟ್ಟೆವು.

ಮೂರನೆಯದು ಚೆನ್ನೈನ ಕನ್ನೆಮಾರ. 1886ರಿಂದ 1890ರವರೆಗೆ ಮದರಾಸಿನ ಗವರ್ನರರಾಗಿದ್ದ ಲಾರ್ಡ್ ಕನ್ನೆಮಾರರ ಹೆಸರನ್ನು ಹೊತ್ತದ್ದು. ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ನೇರವಾಗಿ ಚೆನ್ನೈ ತಲುಪಬಹುದು. ಅಲ್ಲಿಯೂ ಕಡಲಿದೆ, ಗಾಳಿಯಿದೆ. ಪ್ರಯಾಣದ ಆಯಾಸವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಮುಂಬಯಿಗಿಂತ ಇದೇ ಮೇಲು. ಕೊಲ್ಕತ್ತದ ಗ್ರೇಟ್ ಈಸ್ಟರ್ನ್ ಹೋಟೆಲಿನ ಹೆಸರೂ ಪಟ್ಟಿಯಲ್ಲಿತ್ತು. 1840ರ ದಶಕದಲ್ಲಿ ಆರಂಭವಾದ ಅದು ಈ ಶತಮಾನದ ಮೊದಲಲ್ಲಿ ಹಲವು ವರ್ಷ ಮುಚ್ಚಿದ್ದು, 2013ರಲ್ಲಿ ಬೇರೆ ಆಡಳಿತದಲ್ಲಿ ಮತ್ತೆ ತೆರೆಯಿತು. ದೂರದ ಕಾರಣದಿಂದ ಅದನ್ನು ಕೈಬಿಟ್ಟೆವು.

ಈ ಪಟ್ಟಿ ಮಾಡುವಾಗ ಒಂದು ಸಂಗತಿ ನಮಗೆ ಸ್ಪಷ್ಟವಾಯಿತು. ‘ಪುರಾತನ’ ಎಂಬ ಮಾತು ಹಲವು ಅರ್ಥಗಳನ್ನು ಹೊದ್ದು ಬರುತ್ತದೆ. ಕೆಲವೆಡೆ ಹೆಸರು ಮಾತ್ರ ಹಳೆಯದು, ಒಳಗೆಲ್ಲ ಹೊಸತು. ಕೆಲವೆಡೆ ಕಟ್ಟಡ ಹಳೆಯದು, ಆದರೆ ಅದು ಹೋಟೆಲಾದದ್ದು ನಿನ್ನೆ ಮೊನ್ನೆ. ಇನ್ನು ಕೆಲವೆಡೆ ಹಳೆಯ ಭಾಗವೂ ಹೊಸ ಭಾಗವೂ ಒಂದೇ ಆವರಣದಲ್ಲಿದ್ದು, ಹಳೆಯದರ ಚಿತ್ರವನ್ನು ನೋಡಿ ಹೋದವರು ಹೊಸದರಲ್ಲಿ ಮಲಗಿ ಬರುತ್ತಾರೆ. ಪುರಾತನವಾದದ್ದೆಲ್ಲ ಉಳಿದೇ ಇರುತ್ತದೆಂಬ ಭರವಸೆಯೂ ಇಲ್ಲ. ಮುಂಬಯಿಯಲ್ಲೇ ವಾಟ್ಸನ್ ಹೋಟೆಲ್ ಎಂಬುದಿತ್ತು. ಇಂಗ್ಲೆಂಡಿನಲ್ಲಿ ಎರಕ ಹೊಯ್ದ ಕಬ್ಬಿಣದ ಚೌಕಟ್ಟನ್ನು ಹಡಗಿನಲ್ಲಿ ತಂದು 1860ರ ದಶಕದಲ್ಲಿ ನಿಲ್ಲಿಸಿದ ಕಟ್ಟಡ. ಲೂಮಿಯೆರ್ ಸಹೋದರರ ಚಲಚ್ಚಿತ್ರಗಳು ಭಾರತದಲ್ಲಿ ಮೊದಲಬಾರಿಗೆ 1896ರ ಜುಲೈ 7ರಂದು ಪ್ರದರ್ಶನಗೊಂಡದ್ದು ಅಲ್ಲಿಯೇ. ಮುಂದೆ ಅದು ಹೋಟೆಲಾಗಿ ಉಳಿಯದೆ ಬಾಡಿಗೆಯ ಕೋಣೆಗಳ ಕಟ್ಟಡವಾಗಿ ಶಿಥಿಲಗೊಂಡಿತು. ನಮ್ಮೂರಿನಲ್ಲಿ ಗಣಿಯ ಅಧಿಕಾರಿಗಳ ಬಂಗಲೆಗಳು ಹೆಂಚು ಕಳಚಿಕೊಂಡು ನಿಂತದ್ದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ತಾಜಿನ ವಿಚಾರ. ಜಮ್‌ಶೆಟ್ಜಿ ಟಾಟಾ ಅವರು ಕಟ್ಟಿಸಿದ ಈ ಹೋಟೆಲು 1903ರ ಡಿಸೆಂಬರ್ 16ರಂದು ಬಾಗಿಲು ತೆರೆಯಿತು. ಸೀತಾರಾಮ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ ಎಂಬ ಭಾರತೀಯ ಶಿಲ್ಪಿಗಳು ನಕ್ಷೆ ಹಾಕಿದರು, ಡಬ್ಲ್ಯೂ. ಎ. ಚೇಂಬರ್ಸ್ ಎಂಬ ಆಂಗ್ಲರು ಕೆಲಸ ಪೂರೈಸಿದರು. ಬೇಕಾದ ಸಾಮಗ್ರಿಗಳನ್ನು ಟಾಟಾ ಅವರು ಯೂರೋಪಿಗೆ ಹೋಗಿ ತಾವೇ ಆರಿಸಿದರಂತೆ. ಹೋಟೆಲು ತೆರೆದ ಮರುವರ್ಷವೇ, ಅಂದರೆ 1904ರಲ್ಲಿ, ಅವರು ತೀರಿಕೊಂಡರು. ಮೈಸೂರು ಸಂಸ್ಥಾನವು ನೀಡಿದ ಭೂಮಿಯಲ್ಲಿ 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ವಿಜ್ಞಾನ ಮಂದಿರವೂ ಅವರದೇ ಕನಸು. ಅದನ್ನು ಅವರು ಕಣ್ಣಾರೆ ಕಾಣಲಿಲ್ಲ. ವಾಟ್ಸನ್ ಹೋಟೆಲಿನಲ್ಲಿ ಅವರಿಗೆ ಪ್ರವೇಶ ನಿರಾಕರಿಸಿದ್ದರಿಂದ ಛಲಕ್ಕೆ ಬಿದ್ದು ತಾಜನ್ನು ಕಟ್ಟಿಸಿದರೆಂಬ ಕತೆಯನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಕಟ್ಟಡವನ್ನು ತಪ್ಪಾಗಿ ಹಿಂದುಮುಂದಾಗಿ ಕಟ್ಟಿದರು, ಅದನ್ನು ಕಂಡು ಶಿಲ್ಪಿ ಪ್ರಾಣ ಬಿಟ್ಟ ಎಂಬುದೂ ಕಟ್ಟುಕತೆಯೇ. ಹೆಬ್ಬಾಗಿಲು ಮೊದಲು ನಗರದ ಕಡೆಗೆ ಇದ್ದದ್ದು ಉದ್ದೇಶಪೂರ್ವಕವಾಗಿಯೇ. ಹಳೆಯ ಹೋಟೆಲಿನಲ್ಲಿ ಇಳಿಯುವವರು ಕತೆಗಳನ್ನು ಸಂತೋಷದಿಂದ ಕೇಳಲಿ, ಆದರೆ ಕತೆಗಾಗಿ ಹಣ ತೆರುವುದು ಬೇಡ.

ಇಲ್ಲಿ ನಮ್ಮೂರಿನವರಿಗೆ ಅಭಿಮಾನ ತರುವ ಒಂದು ಮಾತನ್ನು ಹೇಳದಿರಲಾರೆವು. ತಾಜ್ ವಿದ್ಯುದ್ದೀಪಗಳಿಂದ ಬೆಳಗಿದ್ದು 1903ರಲ್ಲಿ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ತಂದದ್ದು 1902ರಲ್ಲಿ. ತಂದೆಯವರು ಇದನ್ನು ಆಗಾಗ ಹೇಳುತ್ತಿದ್ದರು. ಆದರೆ ಅಭಿಮಾನದ ಜೊತೆಗೆ ಇನ್ನೊಂದು ನೆನಪೂ ಬರುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪನಿಯು ಗಣಿಯನ್ನು ಕೈಗೆತ್ತಿಕೊಂಡ ಮೇಲೆ ನಮ್ಮೂರಿನಲ್ಲೂ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನಗಳ ಒಂದು ಪುಟ್ಟ ಇಂಗ್ಲೆಂಡು ನಿರ್ಮಾಣವಾಯಿತು. ಅದರ ಬೇಲಿಯಾಚೆ ಕಾರ್ಮಿಕರ ತಟ್ಟಿಯ ಮನೆಗಳ ಸಾಲುಗಳಿದ್ದವು. ಆ ಕಾಲದಲ್ಲಿ ನಮ್ಮವರು ಕ್ಲಬ್ಬಿನೊಳಗೆ ಕಾಲಿಡುತ್ತಿದ್ದದ್ದು ತಟ್ಟೆ ಹಿಡಿದುಕೊಂಡು ಮಾತ್ರ. ಆದ್ದರಿಂದ ಹಳೆಯ ಕಾಲದ ವೈಭವ ಎಂದೊಡನೆ ಮನಸೋಲುವವರು, ಆ ವೈಭವ ಯಾರದಾಗಿತ್ತು, ಯಾರು ಹೊರಗೆ ನಿಂತಿದ್ದರು ಎಂದು ಒಮ್ಮೆ ಕೇಳಿಕೊಳ್ಳುವುದು ಒಳಿತು. ತಾಜ್ ಆರಂಭದಿಂದಲೂ ಭಾರತೀಯರಿಗೆ ಬಾಗಿಲು ತೆರೆದಿದ್ದ ಹೋಟೆಲು ಎಂಬುದು ನಮ್ಮ ತಕ್ಕಡಿಯಲ್ಲಿ ತೂಕದ ಸಂಗತಿಯಾಯಿತು. 1966ರಲ್ಲಿ ತಂದೆಯವರನ್ನು ಹೊರಗೆ ನಿಲ್ಲಿಸಿದ್ದು ಯಾವ ಕಾವಲುಗಾರನೂ ಅಲ್ಲ, ಅವರ ಜೇಬು.

ತಾಯಿಯವರಿಗೆ ಇದ್ದ ಅಳುಕು ಬೇರೆಯದು. “ಅದು ಬೆಂಕಿ ಬಿದ್ದ ಮನೆಯಲ್ವೇನಪ್ಪ? ಟೀವೀಲಿ ನೋಡಿದ್ದೆ” ಎಂದು ಕೇಳಿದರು. 2008ರ ನವೆಂಬರ್ 26ರಂದು ಆರಂಭವಾದ ಭಯೋತ್ಪಾದಕರ ದಾಳಿಯಲ್ಲಿ ಅತಿಥಿಗಳೂ ನೌಕರರೂ ಅಲ್ಲಿ ಪ್ರಾಣ ತೆತ್ತರು. ಅತಿಥಿಗಳನ್ನು ಪಾರುಮಾಡಲು ತಾವು ಉಳಿದುಕೊಂಡ ನೌಕರರ ಧೈರ್ಯವನ್ನು ಲೋಕವೇ ಕೊಂಡಾಡಿತು. ಸುಟ್ಟ ಹಳೆಯ ಭಾಗವನ್ನು ದುರಸ್ತಿಮಾಡಿ 2010ರ ಆಗಸ್ಟ್ 15ರಂದು ಮತ್ತೆ ತೆರೆದರು. ಇದನ್ನೆಲ್ಲ ಮುಚ್ಚಿಡದೆ ತಾಯಿಯವರಿಗೆ ಹೇಳಿದೆವು. ಹಿರಿಯರನ್ನು ಸಂತೋಷಪಡಿಸುವ ನೆಪದಲ್ಲಿ ಅವರಿಂದ ಸತ್ಯವನ್ನು ಮರೆಮಾಡುವುದು ಸಲ್ಲದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳಿದರು: “ನಿಮ್ಮಪ್ಪಾಜಿ ನಿಂತಿದ್ದ ಜಾಗ ಆ ಕೋಣೆ ಕಿಟಕಿಯಿಂದ ಕಾಣುತ್ತಾ?”

ನಾವು ಒಂದು ತಿಂಗಳು ಮಾಡಿದ ವಿಚಾರಣೆಗಳೆಲ್ಲ ಈ ಒಂದು ಪ್ರಶ್ನೆಯಿಂದ ಸರಿದಾರಿಗೆ ಬಂದವು. ಅವರಿಗೆ ಬೇಕಾದದ್ದು ಹೋಟೆಲಲ್ಲ, ಒಂದು ಕಿಟಕಿ. ತಾಜಿನಲ್ಲಿ ಎರಡು ಭಾಗಗಳಿವೆ: 1903ರ ಗುಮ್ಮಟದ ಹಳೆಯ ಭಾಗ, ಮತ್ತು 1970ರ ದಶಕದಲ್ಲಿ ಪಕ್ಕದಲ್ಲೇ ಕಟ್ಟಿದ ಎತ್ತರದ ಗೋಪುರ. ಸಾಮಾನ್ಯವಾಗಿ ಗೋಪುರದ ಕೋಣೆಗಳಿಗೆ ಬಾಡಿಗೆ ಕಡಿಮೆ; ಕಡಲು ಅಲ್ಲಿಂದಲೂ ಕಾಣುತ್ತದೆ. ತಮ್ಮನಿಗೆ ಅದೇ ಸರಿಯೆನಿಸಿತ್ತು. ಆದರೆ 1966ರ ಕಾರ್ಡಿನಲ್ಲಿ ಗೋಪುರವೇ ಇರಲಿಲ್ಲ. ತಂದೆಯವರು ತಲೆಯೆತ್ತಿ ನೋಡಿದ್ದು ಹಳೆಯ ಭಾಗದ ಕಿಟಕಿಗಳನ್ನು. ಹೋಗುವುದಾದರೆ ಹಳೆಯ ಭಾಗದ, ಕಡಲಿಗೆ ಮುಖಮಾಡಿದ ಕೋಣೆಗೇ ಹೋಗಬೇಕು. ಇಲ್ಲವಾದರೆ ಚೆನ್ನೈಯೇ ಸಾಕು ಎಂದು ನಾವು ನಿರ್ಧರಿಸಿದೆವು. ಅದಕ್ಕೆ ತಾಯಿಯವರು ಎರಡು ಷರತ್ತು ಹಾಕಿದರು. ಎರಡು ರಾತ್ರಿ ಬೇಡ, ಒಂದೇ ರಾತ್ರಿ ಸಾಕು. ಒಂದು ರೂಪಾಯಿಯ ಸಾಲವನ್ನೂ ಮಾಡಬಾರದು, ಏಕೆಂದರೆ ಅವರ ಯಜಮಾನರು ಜೀವಮಾನದಲ್ಲಿ ಸಾಲ ಮಾಡಿ ಯಾವುದನ್ನೂ ಕೊಂಡವರಲ್ಲ.

ಈಗ ವಾಚಕರಿಗೆ ಉಪಯೋಗವಾಗಬಹುದಾದ ಕೆಲವು ವ್ಯಾವಹಾರಿಕ ಮಾತುಗಳು. ಮೊದಲನೆಯದು, ಹೋಟೆಲಿನವರು ಹೇಳುವ ಬಾಡಿಗೆಯೇ ಕೊನೆಯ ಮೊತ್ತವೆಂದು ತಿಳಿಯಬಾರದು. ದಿನದ ಬಾಡಿಗೆ 7,500 ರೂಪಾಯಿಗಳನ್ನು ಮೀರಿದರೆ ಅದರ ಮೇಲೆ ಶೇಕಡಾ 18ರಷ್ಟು ಜಿ.ಎಸ್.ಟಿ. ತೆರಿಗೆ ಬೀಳುತ್ತದೆ. ಬಾಡಿಗೆ 20,000 ರೂಪಾಯಿ ಎಂದಿಟ್ಟುಕೊಂಡರೆ ತೆರಿಗೆಯೇ 3,600 ರೂಪಾಯಿ, ಒಟ್ಟು 23,600. ಬೆಳಗಿನ ಉಪಾಹಾರ ಅದರಲ್ಲಿ ಸೇರಿದೆಯೇ, ಜೊತೆಗೆ ಮಲಗುವ ಮೂರನೆಯವರಿಗೆ ಎಷ್ಟು, ಅನಿವಾರ್ಯವಾಗಿ ಪ್ರಯಾಣ ರದ್ದಾದರೆ ಹಣ ಮರಳುವುದೇ ಎಂಬುದನ್ನು ಮೊದಲೇ ಕೇಳಿ, ಬರಹದಲ್ಲಿ ಪಡೆದುಕೊಳ್ಳಬೇಕು. ವೃದ್ಧರೊಂದಿಗೆ ಹೊರಡುವವರಿಗೆ ಈ ಕೊನೆಯ ಪ್ರಶ್ನೆ ಬಹು ಮುಖ್ಯ.

ಎರಡನೆಯದು ಕಾಲ. ಒಂದೇ ಕೋಣೆಗೆ ಚಳಿಗಾಲದಲ್ಲಿ ಇರುವ ಬಾಡಿಗೆ ಮಳೆಗಾಲದಲ್ಲಿ ಇರುವುದಿಲ್ಲ. ಡಿಸೆಂಬರಿನ ಕೊನೆ, ದೀಪಾವಳಿ ಮತ್ತು ಮದುವೆಯ ಮುಹೂರ್ತಗಳ ದಿನಗಳಲ್ಲಿ ದರ ಏರುತ್ತದೆ. ಮುಂಬಯಿಯಲ್ಲಿ ಆಷಾಢದ ಮಳೆಯಲ್ಲಿ ಇಳಿಯುತ್ತದೆ. ಬೆಂಗಳೂರಿನಂಥ ವ್ಯವಹಾರದ ನಗರದಲ್ಲಿ ಶನಿವಾರ ಭಾನುವಾರಗಳಂದು ಅಗ್ಗವಾಗಿ ದೊರೆಯುವುದೂ ಉಂಟು. ಮೂರನೆಯದು ವೇಳೆ. ದೊಡ್ಡ ಹೋಟೆಲುಗಳಲ್ಲಿ ಕೋಣೆ ಕೈಗೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡು ಗಂಟೆಗೆ. ಬಿಡಬೇಕಾದದ್ದು ಮರುದಿನ ಹನ್ನೆರಡಕ್ಕೆ. ರಾತ್ರಿ ರೈಲಿಳಿದು ನೇರವಾಗಿ ಹೋಟೆಲಿಗೆ ಹೋದರೆ ಅರ್ಧ ಬಾಡಿಗೆ ನಿದ್ದೆಯಲ್ಲೇ ಕಳೆಯುತ್ತದೆ. ನಾವು ಮೊದಲು ಡೊಂಬಿವಿಲಿಯ ನಮ್ಮ ಸಂಬಂಧಿಕರ ಮನೆಯಲ್ಲಿ ಎರಡು ದಿನ ಉಳಿದು, ಆಯಾಸ ಪರಿಹರಿಸಿಕೊಂಡು, ಸರಿಯಾಗಿ ಎರಡು ಗಂಟೆಗೆ ಹೋಟೆಲನ್ನು ಸೇರಿದೆವು.

ನಾಲ್ಕನೆಯದು ಮೈ ಮತ್ತು ಮಡಿ. ಹಳೆಯ ಕಟ್ಟಡಗಳಲ್ಲಿ ಮೆಟ್ಟಿಲು ಹೆಚ್ಚು. ಕೋಣೆಯವರೆಗೂ ಲಿಫ್ಟು ಇದೆಯೇ, ಸ್ನಾನದ ಮನೆಯಲ್ಲಿ ಹಿಡಿದುಕೊಳ್ಳುವ ಸರಳು ಇದೆಯೇ, ಆಳವಾದ ತೊಟ್ಟಿಯೊಳಕ್ಕೆ ಕಾಲೆತ್ತಿ ಇಳಿಯಬೇಕೇ ಎಂದು ಮಂಡಿನೋವಿನವರ ಪರವಾಗಿ ಕೇಳಲೇಬೇಕು. ನಿತ್ಯ ಲಿಂಗಪೂಜೆ ತಪ್ಪಿಸದ ನಮ್ಮ ಹಿರಿಯರಿಗೆ ಇನ್ನೊಂದು ಸೂಚನೆ. ಈಗಿನ ಹೋಟೆಲು ಕೋಣೆಗಳ ಮಾಡಿನಲ್ಲಿ ಹೊಗೆಯನ್ನು ಗುರುತಿಸಿ ಗಂಟೆ ಬಾರಿಸುವ ಯಂತ್ರಗಳಿರುತ್ತವೆ. ಧೂಪ, ಕರ್ಪೂರ, ಊದುಬತ್ತಿ ಹಚ್ಚುವಂತಿಲ್ಲ. ತಾಯಿಯವರು ಇದನ್ನು ಕೇಳಿ, “ಅಂಗೈ ಮೇಲಿನ ಲಿಂಗಕ್ಕೆ ನೀರು, ವಿಭೂತಿ, ಪತ್ರೆ ಇದ್ದರೆ ಆಯ್ತು” ಎಂದು ಸಂದೇಹವನ್ನೇ ಬಗೆಹರಿಸಿದರು. ಪತ್ರೆಯನ್ನು ನಮ್ಮ ಹಿತ್ತಲಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆವು. ಊಟದ ವಿಷಯದಲ್ಲಿ ಸಸ್ಯಾಹಾರವನ್ನು ಬೇರೆ ಪಾತ್ರೆಯಲ್ಲಿ ಮಾಡುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬಹುದು. ಇಲ್ಲವೇ ನಾವು ಮಾಡಿದಂತೆ ಒಂದು ಹೊತ್ತಿನ ಊಟವನ್ನು ಮಾಟುಂಗದ ಉಡುಪಿ ಹೋಟೆಲಿನಲ್ಲಿ ಮುಗಿಸಬಹುದು.

ಐದನೆಯದು, ಅಷ್ಟು ವೆಚ್ಚ ಮಾಡಲಾಗದವರು ಮನಸ್ಸಿನಲ್ಲಿ ಕೊರಗಬೇಕಾಗಿಲ್ಲ. ಇಂಥ ಹೋಟೆಲುಗಳಲ್ಲಿ ಕೋಣೆ ಹಿಡಿಯದೆ ಸಂಜೆಯ ಚಹಾಕ್ಕೋ ಒಂದು ಊಟಕ್ಕೋ ಹೋಗಿ ಬರಬಹುದು. ದಂಪತಿಗಳು ಎರಡು ಗಂಟೆ ಕಿಟಕಿಯ ಬಳಿ ಕುಳಿತು ಚಹಾ ಕುಡಿದು ಬಂದರೂ ಆ ಕಟ್ಟಡವನ್ನು ಒಳಗಿನಿಂದ ಕಂಡಂತಾಗುತ್ತದೆ. ಮಕ್ಕಳ ಮದುವೆಗೆಂದು ಕೂಡಿಟ್ಟದ್ದನ್ನು ಮುಟ್ಟಿ ಒಂದು ರಾತ್ರಿಯ ವೈಭವವನ್ನು ಕೊಳ್ಳುವುದು ಮಾತ್ರ ಯಾವ ರೀತಿಯಲ್ಲೂ ಸರಿಯಲ್ಲ.

ಜುಲೈ ತಿಂಗಳ ಒಂದು ಸಂಜೆ ಬೆಂಗಳೂರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು. ಮರುದಿನ ಬೆಳಿಗ್ಗೆ ಕಲಬುರಗಿ ನಿಲ್ದಾಣದಲ್ಲಿ, ಆ ಊರಿಗೆ ಕೊಟ್ಟಿರುವ ನಮ್ಮ ತಾಯಿಯವರ ತಂಗಿಯ ಮಗಳು ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಗಂಟನ್ನು ಕಿಟಕಿಯಲ್ಲಿ ಕೊಟ್ಟು, “ದೊಡ್ಡಮ್ಮ, ಅಲ್ಲೀ ಊಟ ಹೆಂಗಿರ್ತದೋ ಏನೋ, ಇದು ಇರಲಿ” ಎಂದಳು. ಎಂಬತ್ತು ವರ್ಷದ ತಾಯಿಯವರು ಆ ಗಂಟನ್ನು ಮಡಿಲಲ್ಲಿಟ್ಟುಕೊಂಡೇ ಮುಂಬಯಿ ತಲುಪಿದರು.

ಹೋಟೆಲಿನ ಬಾಗಿಲಲ್ಲಿ ಸಾಮಾನುಗಳನ್ನೆಲ್ಲ ತಪಾಸಣೆಗೆ ಕೊಟ್ಟು ಒಳಗೆ ಹೋದೆವು. ನಮಗೆ ದೊರೆತ ಕೋಣೆ ಕೇಳಿಕೊಂಡಂತೆಯೇ ಇತ್ತು. ಆದರೆ ಪರದೆ ಸರಿಸಿದರೆ ಕಂಡದ್ದು ಬಿಳಿಯ ಮಳೆ ಮಾತ್ರ. ಕಡಲೂ ಇಲ್ಲ, ಗೇಟ್‌ವೇಯೂ ಇಲ್ಲ. ಮಳೆಗಾಲದಲ್ಲಿ ಅಗ್ಗವೆಂದು ಲೆಕ್ಕ ಹಾಕಿದ ನಾವು ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ! ತಮ್ಮನ ಮುಖ ಚಿಕ್ಕದಾಯಿತು. ಸಂಜೆಯಾಯಿತು, ರಾತ್ರಿಯಾಯಿತು, ಮಳೆ ನಿಲ್ಲಲಿಲ್ಲ. ತಾಯಿಯವರು ಮಾತ್ರ ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆಸಿಕೊಂಡು, ರೊಟ್ಟಿಯನ್ನು ನಮಗೆಲ್ಲ ಹಂಚಿ, ತಂದೆಯವರ ಉಗ್ರಾಣದ ಕತೆಗಳನ್ನು ಹೇಳುತ್ತ ಕುಳಿತರು. ನಾವು ಎಂದೂ ಕೇಳಿರದ ಕತೆಗಳು ಅವು. ಆ ರಾತ್ರಿ ನಮ್ಮಲ್ಲಿ ಯಾರೂ ಮೃದುವಾದ ಹಾಸಿಗೆಯನ್ನು ಹೆಚ್ಚು ಹೊತ್ತು ಬಳಸಲಿಲ್ಲ.

ಬೆಳಗಿನ ಪೂಜೆ ಮುಗಿಯುವ ಹೊತ್ತಿಗೆ ಮಳೆ ಹಿಂದೆ ಸರಿಯಿತು. ಬೂದು ಬಣ್ಣದ ಕಡಲು, ಕಟ್ಟಿ ನಿಲ್ಲಿಸಿದ ದೋಣಿಗಳು, 1924ರಲ್ಲಿ ಪೂರ್ಣಗೊಂಡ ಆ ಕಲ್ಲಿನ ಕಮಾನು, ಒದ್ದೆಯಾದ ನೆಲದ ಮೇಲೆ ನಾಲ್ಕಾರು ಜನ ಎಲ್ಲವೂ ಒಂದೊಂದಾಗಿ ಕಂಡವು. ತಾಯಿಯವರು ಕಾರ್ಡನ್ನು ಕೈಯಲ್ಲಿ ಹಿಡಿದು ಐದು ನಿಮಿಷ ನೋಡಿದರು. ಆಮೇಲೆ, “ಇಲ್ಲಿಂದ ನೋಡಿದ್ದು ಆಯ್ತು. ಕೆಳಗೆ ಹೋಗೋಣ ನಡಿಯಪ್ಪ, ಅವರು ಅಲ್ಲಿಂದ ನೋಡಿದ್ದಲ್ವಾ?” ಎಂದರು. ಅಲ್ಲಿಗೆ ಇಳಿದು, ತಮ್ಮನ ತೋಳು ಹಿಡಿದು ನಿಂತು, ತಲೆಯೆತ್ತಿ ನಮ್ಮ ಕಿಟಕಿ ಯಾವುದೆಂದು ಹುಡುಕಿದರು. ಸೈಕಲ್ಲಿನ ಮೇಲೆ ಚಹಾ ಮಾರುವವನೊಬ್ಬ ಬಂದ. ನಾವೆಲ್ಲ ನಿಂತುಕೊಂಡೇ ಚಹಾ ಕುಡಿದೆವು. ಗಾಳಿ ಜೋರಾಗಿ ಬೀಸುತ್ತಿತ್ತು. ತಾಯಿಯವರ ಸೆರಗನ್ನು ಎರಡು ಸಲ ಸರಿಪಡಿಸಬೇಕಾಯಿತು.

ಅಷ್ಟು ಹಣಕ್ಕೆ ಅದು ತಕ್ಕದ್ದಾಯಿತೇ ಎಂದು ವಾಚಕರು ಕೇಳಬಹುದು. ಹಾಸಿಗೆ, ಊಟ, ಉಪಚಾರಗಳ ಲೆಕ್ಕದಲ್ಲಿ ಯಾವ ಐಷಾರಾಮಿ ಹೋಟೆಲೂ ನಮ್ಮಂಥವರಿಗೆ ದುಬಾರಿಯೇ. ಕುಟುಂಬಕ್ಕೆ ಅಲ್ಲಿ ನಿಜವಾದ ಕೆಲಸವೊಂದಿದ್ದರೆ, ಅದಕ್ಕೆ ಸಾಲ ಮಾಡಬೇಕಾಗಿಲ್ಲದಿದ್ದರೆ, ಹೋಗುವವರ ಮೈಗೆ ಅದು ಭಾರವಾಗದಿದ್ದರೆ ಹೋಗಬಹುದು. ಅದಿಲ್ಲದೆ ನೆರೆಹೊರೆಯವರಿಗೆ ಚಿತ್ರ ತೋರಿಸುವುದಕ್ಕಾಗಿ ಹೋಗುವುದಾದರೆ ತಂಗಿಯ ಆಕ್ಷೇಪಣೆಯೇ ಸರಿ. ಆದುದರಿಂದ ಹೋಟೆಲಿನ ಹೆಸರನ್ನು ಆರಿಸುವ ಮುನ್ನ ಮನೆಯ ಹಿರಿಯರನ್ನು ಕೇಳಿ: ನೀವು ಅಲ್ಲಿ ಏನನ್ನು ನೋಡಬೇಕೆಂದಿದ್ದೀರಿ? ಈ ಪ್ರಶ್ನೆಯನ್ನು ನಾವು ಒಂದು ತಿಂಗಳು ತಡವಾಗಿ ಕೇಳಿದೆವು. ಅದೂ ನಾವಾಗಿ ಕೇಳಿದ್ದಲ್ಲ, ಅವರಾಗಿ ಹೇಳಿದ್ದು.

ಊರಿಗೆ ಮರಳಿದ ರಾತ್ರಿ ದಾವಣಗೆರೆಯಿಂದ ದೂರವಾಣಿ ಬಂದಿತು. ತಂಗಿ ಖರ್ಚಿನ ಮಾತೆತ್ತುವಳೆಂದು ನಾವು ಲೆಕ್ಕದ ಚೀಟಿಯನ್ನು ಕೈಯಲ್ಲೇ ಹಿಡಿದಿದ್ದೆವು. ಅವಳು ತಾಯಿಯವರಿಗೇ ಕೊಡೆಂದು ಹೇಳಿ, “ಅಮ್ಮಾ, ಗಾಳಿ ಹೇಗಿತ್ತು?” ಎಂದು ಕೇಳಿದಳು.

ಶರಣು.